ಟ್ರಂಕಿನಲ್ಲಿರುವ ಹಳೇ ಸೈನಿಕ ಸಮವಸ್ತ್ರ ಹಾಳಾಗುತ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ತೊಳೆಯಬೇಡಿ. ಬಿಸಿಲಿಗೆ ಹಾಕಬೇಡಿ. ಇಸ್ತ್ರಿ ಮಾಡಬೇಡಿ. ಟ್ರಂಕ್ ತೆರೆದಾಗ ಅಜ್ಜನ ಕೋಟಿನ ಮೇಲೆ ಬೂಷ್ಟು ಕಂಡರೆ ನಮ್ಮ ಕೈ ಈ ಮೂರು ಕೆಲಸಕ್ಕೇ ಮೊದಲು ಹೋಗುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದವರು. ಅವರ ಉಣ್ಣೆಯ ಮೇಲಂಗಿಯ ತೋಳಿನಲ್ಲಿ ಬಿಳಿ ಕಲೆ ಇದೆ ಅಂತ ಮನೆಯವರು ಲಾಂಡ್ರಿಗೆ ಕೊಟ್ಟರು, ಅಲ್ಲಿ ಕಲೆ ಹೋಗಲಿ ಅಂತ ಬ್ಲೀಚ್ ಹಾಕಿದರು, ಅಂಗಿ ವಾಪಸ್ ಬಂದಾಗ ಕಲೆ ಇದ್ದ ಜಾಗವೇ ಇರಲಿಲ್ಲ. ಬ್ಲೀಚ್ ಉಣ್ಣೆಯನ್ನು ಬಿಳಿ ಮಾಡುವುದಿಲ್ಲ, ಕರಗಿಸಿಬಿಡುತ್ತದೆ. ಎದೆಯ ಮೇಲೆ ಹೊಲಿದಿದ್ದ ಬರ್ಮಾ ಸ್ಟಾರ್ ರಿಬ್ಬನ್‌ನ ನೀಲಿ, ಕೆಂಪು, ಕಿತ್ತಳೆ ಬಣ್ಣ ಮೂರೂ ಬಟ್ಟೆಗೆ ಇಳಿದಿದ್ದವು. ಅದನ್ನು ಸರಿ ಮಾಡುವ ದಾರಿಯೇ ಇಲ್ಲ. ಆವತ್ತಿನಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಕಾಯಿಲೆ ಯಾವುದು ಅಂತ ಗೊತ್ತಾಗುವ ತನಕ ಮದ್ದು ಹಾಕುವುದಿಲ್ಲ.

ಕೊಡಗಿನಲ್ಲಿ ಇಂಥ ಪೆಟ್ಟಿಗೆ ಇಲ್ಲದ ಊರು ಹುಡುಕುವುದು ಕಷ್ಟ. 1947-48ರ ಕಾಶ್ಮೀರ, 1962, 65, 71, ಕಾರ್ಗಿಲ್, ಯಾವುದಾದರೂ ಒಂದು ಯುದ್ಧದ ಬಟ್ಟೆ ಯಾರದಾದರೂ ಅಟ್ಟದಲ್ಲಿ ಇದ್ದೇ ಇರುತ್ತದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿಸೈಡ್ 2021ರಲ್ಲಿ ಮ್ಯೂಸಿಯಂ ಆಯಿತು. ದೊಡ್ಡವರ ವಸ್ತುಗಳಿಗೆ ಹೀಗೆ ಒಂದು ನೆಲೆ ಸಿಗುತ್ತದೆ. ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ನಿವೃತ್ತರಾದವರ ಬಟ್ಟೆಯನ್ನು ನಾವೇ ನೋಡಿಕೊಳ್ಳಬೇಕು, ಅಲ್ವಾ?

ಮುಟ್ಟುವ ಮುಂಚೆ

ಮಾಸ್ಕ್ ಹಾಕಿ, ಎನ್-95 ಇದ್ದರೆ ಒಳ್ಳೆಯದು. ಕೈಗೆ ಗ್ಲೌಸ್. ಬೂಷ್ಟಿನ ಭಯ ಮಾತ್ರ ಅಲ್ಲ, ಹಿಂದೆ ಉಣ್ಣೆ ಬಟ್ಟೆಯ ಮಡಿಕೆಗಳಿಗೆ ಡಿಡಿಟಿ ಪುಡಿ ಉದುರಿಸುತ್ತಿದ್ದರು. ಉಬ್ಬಸ ಇರುವವರು, ಮಕ್ಕಳು ಹತ್ತಿರ ಬೇಡ. ಜೇಬುಗಳನ್ನು ಮೊದಲು ಹೊರಗಿನಿಂದ ಒತ್ತಿ ನೋಡಿ. ಗುಂಡು ಏನಾದರೂ ಸಿಕ್ಕಿದರೆ ಅದನ್ನು ಉಜ್ಜಿ ಶೋಕೇಸಲ್ಲಿ ಇಡಬೇಡಿ, ಅಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸಿ.

ಆಮೇಲೆ ಫೋಟೋ. ಮುಂದೆ, ಹಿಂದೆ, ಒಳಗೆ, ಕಾಲರ್ ಹಿಂದಿನ ಚೀಟಿ, ಇಂಕಿನಲ್ಲಿ ಬರೆದ ನಂಬರ್, ಎಲ್ಲದರದ್ದೂ. ಮುಂದಿನ ವರ್ಷ ಹಾನಿ ಬೆಳೆದಿದೆಯಾ ಇಲ್ಲವಾ ಅಂತ ಹೇಳಲು ಈ ಫೋಟೋ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಬಟ್ಟೆ ಯಾವುದು ಅಂತ ಗೊತ್ತಾಗಬೇಕು, ಯಾಕೆಂದರೆ ಹುಳ ಬಟ್ಟೆ ನೋಡಿಯೇ ಬರುತ್ತದೆ. ಒಳಹೊಲಿಗೆಯಲ್ಲಿ ಬಿಟ್ಟುಕೊಂಡಿರುವ ಒಂದು ಬಿಡಿ ನೂಲು ತೆಗೆದು, ಬಟ್ಟೆಯಿಂದ ದೂರ ಬಂದು, ಚಿಮಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ಹಾಗಿದ್ದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್ ಸೇರಿದೆ. ಬರ್ಮಾ ಕಾಲದ್ದು ಅಂತ ಹೇಳಿ ಯಾರಾದರೂ ಮಾರಲು ಬಂದ ಅಂಗಿಯ ನೂಲು ಕರಗಿ ಮಣಿಯಾದರೆ ಅದು ಆ ಕಾಲದ್ದಲ್ಲ. ಇಲ್ಲವೇ ಆಮೇಲೆ ಯಾರೋ ಹೊಸ ನೂಲಿನಲ್ಲಿ ಹೊಲಿದಿದ್ದಾರೆ.

ಹಾನಿ ಈಗಲೂ ನಡೆಯುತ್ತಿದೆಯಾ?

ನನ್ನ ಪ್ರಕಾರ ಕೇಳಬೇಕಾದ ದೊಡ್ಡ ಪ್ರಶ್ನೆ ಇದೇ. 40 ವರ್ಷದ ಹಿಂದೆ ನುಸಿ ತಿಂದು ಬಿಟ್ಟುಹೋದ ತೂತಿಗೆ ಇವತ್ತು ಔಷಧಿ ಹೊಡೆದು ಏನೂ ಪ್ರಯೋಜನವಿಲ್ಲ. ಇವತ್ತು ತಿನ್ನುತ್ತಿರುವ ಹುಳವನ್ನು ಹಳೇ ತೂತು ಅಂತ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ತೋಳು ಇರುವುದಿಲ್ಲ.

ಪರೀಕ್ಷೆ ಸುಲಭ. ಬಟ್ಟೆಯನ್ನು ಮೆಲ್ಲಗೆ, ಕೊಡವದೆ, ಒಂದು ಬಿಳಿ ಹಾಳೆಯ ಮೇಲೆ ಹರಡಿ. ಕಪ್ಪು ಬಟ್ಟೆ ಹೊದಿಸಿ ಕತ್ತಲ ಕೋಣೆಯಲ್ಲಿ ಎರಡು ವಾರ ಬಿಡಿ. ಆಮೇಲೆ ಎತ್ತಿ ನೋಡಿ. ಮರಳಿನಂಥ ಸಣ್ಣ ಕಾಳು ಬಿದ್ದಿದ್ದು, ಅದರ ಬಣ್ಣ ಬಟ್ಟೆಯ ಬಣ್ಣವೇ ಆಗಿದ್ದರೆ ಹುಳ ಈಗಲೂ ಇದೆ. ತಿಂದದ್ದೇ ಹಿಕ್ಕೆಯಾಗಿ ಹೊರಬರುತ್ತದೆ, ಹಾಗಾಗಿ ಆಲಿವ್ ಹಸಿರು ಕೋಟಿನಿಂದ ಹಸಿರು ಕಾಳೇ ಉದುರುತ್ತದೆ. ಹಾಳೆ ಖಾಲಿ ಇದ್ದರೆ ಹೆಚ್ಚಾಗಿ ಹಳೇ ಗಾಯ. ಆದರೂ ಇನ್ನೊಂದು ಸಲ ಇಟ್ಟು ನೋಡಿ, ತಣ್ಣಗಿನ ದಿನಗಳಲ್ಲಿ ಹುಳ ನಿಧಾನ.

ಬೂಷ್ಟಿಗೂ ಇದೇ ಪ್ರಶ್ನೆ. ಬೆರಳಿಗೆ ಮೆತ್ತಿಕೊಂಡು ಒರೆಸಿದರೆ ಹರಡುತ್ತದೆ ಅಂದರೆ ಅದು ಬದುಕಿದೆ. ಒಣ ಪುಡಿಯಾಗಿ ಉದುರಿದರೆ ಮಲಗಿದೆ. ಸತ್ತಿದೆ ಅಂತ ಹೇಳುವುದಿಲ್ಲ, ತೇವ ಸಿಕ್ಕಿದರೆ ಮತ್ತೆ ಏಳುತ್ತದೆ.

ಬಿಳಿ ಪುಡಿ ಕಂಡರೆ

ಎಲ್ಲ ಬಿಳಿಯೂ ಬೂಷ್ಟಲ್ಲ. ಇಲ್ಲಿ ಜನ ತುಂಬ ಎಡವುತ್ತಾರೆ. ಒಂದು ಭೂತಗನ್ನಡಿ ತೆಗೆದುಕೊಳ್ಳಿ, ಮಕ್ಕಳ ಸೈನ್ಸ್ ಕಿಟ್‌ನದ್ದಾದರೂ ಸಾಕು. ಜೇಡರ ಬಲೆಯ ಎಳೆಯಂತೆ ಕಂಡರೆ, ವೃತ್ತವಾಗಿ ಹರಡಿದ್ದರೆ, ಮುಗ್ಗಲು ವಾಸನೆ ಇದ್ದರೆ ಅದು ಬೂಷ್ಟು. ಮಿನುಗುವ ಹರಳಿನಂತಿದ್ದು ನುಸಿಗುಳಿಗೆಯ ವಾಸನೆ ಬಂದರೆ ಅದು ನುಸಿಗುಳಿಗೆಯೇ. ಮುಚ್ಚಿದ ಪೆಟ್ಟಿಗೆಯಲ್ಲಿ ಆವಿಯಾಗಿ ಮತ್ತೆ ಬಟ್ಟೆಯ ಮೇಲೆ ಹರಳುಗಟ್ಟುತ್ತದೆ, ನೆರಳಿನಲ್ಲಿ ಗಾಳಿಗೆ ಇಟ್ಟರೆ ತಾನಾಗಿ ಹೋಗುತ್ತದೆ. ಗುಂಡಿ, ಬ್ಯಾಡ್ಜ್, ಬಕಲ್ ಸುತ್ತ ಮಾತ್ರ ಸುಣ್ಣದಂಥ ಪುಡಿ ಇದ್ದರೆ ಅದು ಬ್ರಾಸೋ, ಅಂದರೆ ಹಿತ್ತಾಳೆ ಹೊಳಪು ಮಾಡುವ ದ್ರವ, ಒಣಗಿ ಉಳಿದದ್ದು. ಮಡಿಕೆಯ ಒಳಗೆ ಮಾತ್ರ, ಯಾರೋ ಉದುರಿಸಿದ ಹಾಗೆ ಇದ್ದರೆ ಹಳೇ ಕೀಟನಾಶಕ ಅಂತ ತಿಳಿದುಕೊಂಡು ಗ್ಲೌಸ್ ತೆಗೆಯದೆ ಕೆಲಸ ಮಾಡಿ.

ಬೂಷ್ಟೇ ಆಗಿದ್ದರೆ ಮೊದಲ ಕೆಲಸ ಒಣಗಿಸುವುದು, ಒರೆಸುವುದಲ್ಲ. ಹಸಿ ಬೂಷ್ಟನ್ನು ಒರೆಸಿದರೆ ಎಳೆಗಳ ಒಳಗೇ ತುಂಬಿಕೊಳ್ಳುತ್ತದೆ. ಮಳೆ ಇಲ್ಲದ ದಿನ ಜಗಲಿಯಲ್ಲಿ, ನೆರಳಿನಲ್ಲಿ, ನೈಲಾನ್ ಬಲೆಯ ಮೇಲೆ ಮಲಗಿಸಿ. ಫ್ಯಾನ್ ಹಾಕುವುದಾದರೆ ಗೋಡೆ ಕಡೆ ತಿರುಗಿಸಿ, ನೇರ ಬಟ್ಟೆ ಮೇಲೆ ಬಿಟ್ಟರೆ ಬೀಜ ಮನೆಯೆಲ್ಲಾ ಹಾರುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ, ಕಡಿಮೆ ಎಳೆತದಲ್ಲಿ, ಉಜ್ಜದೆ, ಎತ್ತಿ ಎತ್ತಿ ಇಟ್ಟು ತೆಗೆಯಿರಿ. ವ್ಯಾಕ್ಯೂಮ್ ಇಲ್ಲವಾದರೆ ಮನೆಯಿಂದ ದೂರ, ಅಂಗಳದ ಆ ತುದಿಯಲ್ಲಿ ಮೆತ್ತನೆಯ ಬ್ರಷ್. ಕಪ್ಪು ಚುಕ್ಕೆ ಉಳಿದರೆ ಉಳಿಯಲಿ. ಅದನ್ನು ತೆಗೆಯಲು ಹೋದವರೇ ಬಟ್ಟೆ ಕಳೆದುಕೊಂಡಿರುವುದು.

ಬಿಸಿಲು ಯಾಕೆ ಬೇಡ ಅಂದರೆ, ಹೌದು, ಬೂಷ್ಟಿಗೆ ಬಿಸಿಲು ಕಂಡರೆ ಆಗುವುದಿಲ್ಲ. ಆದರೆ ಬಣ್ಣಕ್ಕೂ ಆಗುವುದಿಲ್ಲ. ಒಂದು ಸಲ ಕಾಫಿ ಕಣದಲ್ಲಿ ಹರಡಿದ್ದರಿಂದ ಆದ ನಷ್ಟ ಕಣ್ಣಿಗೆ ಕಾಣದಿರಬಹುದು, ಅದು ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ, ಹತ್ತು ವರ್ಷ ಪ್ರತಿ ಬೇಸಿಗೆ ಹಾಕಿದರೆ ಭುಜ ಒಂದು ಬಣ್ಣ, ಕಂಕುಳು ಇನ್ನೊಂದು ಬಣ್ಣ ಆಗಿರುತ್ತದೆ.

ತೂತು ಕಂಡರೆ

ತೂತಿನ ಅಂಚೇ ಎಲ್ಲ ಹೇಳುತ್ತದೆ. ಉಣ್ಣೆಯಲ್ಲಿ ವಕ್ರವಾದ ತೂತು, ಹತ್ತಿರ ರೇಷ್ಮೆಯಂಥ ಬಲೆ ಅಥವಾ ಕೊಳವೆ ಇದ್ದರೆ ನುಸಿ. ಹಾರುವ ಚಿಟ್ಟೆ ತಿನ್ನುವುದಿಲ್ಲ, ಅದರ ಮರಿಹುಳ ತಿನ್ನುತ್ತದೆ, ಅದಕ್ಕೇ ಚಿಟ್ಟೆ ಹೊಡೆದು ಸುಮ್ನೆ ಕೂತರೆ ಆಗುವುದಿಲ್ಲ. ರೋಮ ಇರುವ, ಅಕ್ಕಿಕಾಳಿಗಿಂತ ಸಣ್ಣ ಕಂದು ಪೊರೆ ಸಿಕ್ಕಿದರೆ ಅದು ನುಸಿಯಲ್ಲ, ಕಾರ್ಪೆಟ್ ಬೀಟಲ್ ಅನ್ನುವ ಜೀರುಂಡೆಯ ಮರಿ ಕಳಚಿದ ಚರ್ಮ. ಹತ್ತಿಯ ಖಾಕಿ ಡ್ರಿಲ್ ಬಟ್ಟೆಯಲ್ಲಿ ತೂತಿಲ್ಲದೆ ಮೇಲ್ಮೈ ಮಾತ್ರ ಕೆರೆದ ಹಾಗಿದ್ದರೆ ಬೆಳ್ಳಿ ಬಣ್ಣದ ಪುಸ್ತಕದ ಹುಳ. ಅದಕ್ಕೆ ಬೇಕಿರುವುದು ಖಾಕಿ ಅಲ್ಲ, ಅದಕ್ಕೆ ಹಾಕಿದ ಗಂಜಿ. ಪರೇಡಿಗೆ ಗಂಜಿ ಹಾಕಿ ಗರಿಗರಿ ಮಾಡಿ, ಹಾಗೇ ಮಡಿಸಿಟ್ಟ ಎಷ್ಟೋ ನಿಕ್ಕರು ಹೀಗೇ ಹೋಗಿವೆ. ಅಂಚು ಹರಿದು ಚಿಂದಿಯಾಗಿದ್ದು ಹಿಕ್ಕೆ ಇದ್ದರೆ ಇಲಿ. ತೂತಿನ ಸುತ್ತ ಕಂದು ಉಂಗುರ ಇದ್ದರೆ ತುಕ್ಕು, ಯಾವುದೋ ಪಿನ್ನು, ಹುಕ್ಕು, ಕಬ್ಬಿಣದ ಹ್ಯಾಂಗರ್ ಕೆಲಸ.

ಹೊರಬಟ್ಟೆ, ಲೈನಿಂಗ್, ಒಳಪದರ ಎಲ್ಲದರಲ್ಲೂ ಒಂದೇ ನೇರದಲ್ಲಿ ತೂತು ಇದ್ದರೆ, ಅಂಚು ಸುಟ್ಟ ಹಾಗಿದ್ದರೆ, ನಿಲ್ಲಿ. ಅದು ಹುಳವಲ್ಲದೆ ಇರಬಹುದು. ಹುಳ ಹಾಗೆ ನೇರವಾಗಿ ಹೋಗುವುದಿಲ್ಲ, ರುಚಿ ಸಿಕ್ಕ ಪದರದಲ್ಲಿ ಸುತ್ತುತ್ತದೆ. ಗುಂಡು, ಚೂರು ತಾಗಿದ ಗುರುತು, ರಕ್ತದ ಕಲೆ, ಸೈನಿಕನೇ ತನ್ನ ಕೈಯಾರೆ ಹೊಲಿದ ಒರಟು ತೇಪೆ, ಇವು ದೋಷಗಳಲ್ಲ. ದಯವಿಟ್ಟು ಟೈಲರ್ ಹತ್ತಿರ ಒಯ್ದು ರಫೂ ಮಾಡಿಸಬೇಡಿ. ಆ ಬಟ್ಟೆಯನ್ನು ನಾವು ಇಟ್ಟುಕೊಂಡಿರುವುದೇ ಆ ಗುರುತಿಗಾಗಿ.

ಜೀವಂತ ಹುಳ ಇದ್ದರೆ ನಾನು ನಂಬುವುದು ತಣ್ಣಗೆ ಮಾಡುವುದನ್ನು. ಬಟ್ಟೆ ಚೆನ್ನಾಗಿ ಒಣಗಿರಬೇಕು. ತೆಳು ಕೋರಾ ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಟೇಪ್ ಹಚ್ಚಿ, ಇನ್ನೊಂದು ಚೀಲದಲ್ಲಿ ಹಾಕಿ, ಮೈನಸ್ 18 ಡಿಗ್ರಿ ಇರುವ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಮಾಂಸ ಇಡುವ ದೊಡ್ಡ ಫ್ರೀಜರ್ ಆಗುತ್ತದೆ, ಆದರೆ ಆ ಎರಡು ವಾರ ಅದನ್ನು ಖಾಲಿ ಮಾಡಿ ಇದಕ್ಕೇ ಬಿಡಿ, ಪದೇ ಪದೇ ತೆರೆದರೆ ತಂಪು ಏರಿಳಿದು ಹುಳ ಬದುಕಿಕೊಳ್ಳುತ್ತದೆ. ಹಳೇ ಫ್ರಿಜ್ಜಿನ ಐಸ್ ಪೆಟ್ಟಿಗೆ ಸಾಲದು. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ನಮ್ಮ ಹವೆಯ ನೀರೆಲ್ಲಾ ಇಳಿದು ಕೂರುತ್ತದೆ. ಚರ್ಮದ ಬೆಲ್ಟು, ರಬ್ಬರ್ ರೇನ್‌ಕೋಟು ಇದಕ್ಕೆ ಹಾಕಬೇಡಿ.

ಹುಳ ಮತ್ತೆ ಬಂದರೆ ಬಟ್ಟೆಯಲ್ಲಿ ಹುಡುಕುವುದನ್ನು ಬಿಡಿ. ಅಜ್ಜನ ಗ್ರೇಟ್‌ಕೋಟಿಗೆ, ಅಂದರೆ ಚಳಿಗೆ ಹಾಕುವ ಉದ್ದನೆಯ ಭಾರದ ಉಣ್ಣೆ ಕೋಟಿಗೆ, ಮೂರು ವರ್ಷ ಸತತ ಹುಳ ಬರುತ್ತಿತ್ತು. ನುಸಿಗುಳಿಗೆ ಸುರಿದೆವು, ಬೇವಿನ ಸೊಪ್ಪು ಇಟ್ಟೆವು, ಪೆಟ್ಟಿಗೆ ಬದಲಾಯಿಸಿದೆವು. ಕೊನೆಗೆ ಸಿಕ್ಕಿದ್ದು ಮಾಡಿನ ಸಂದಿಯಲ್ಲಿ ಹಕ್ಕಿ ಬಿಟ್ಟುಹೋದ ಗೂಡು, ಅದರ ಕೆಳಗೆ ಮಂಚದಡಿಯಲ್ಲಿ ಎಲ್ಲರೂ ಮರೆತಿದ್ದ ಒಂದು ಕಂಬಳಿ. ಗರಿ, ರೋಮ ತಿಂದು ಹುಳ ಅಲ್ಲಿ ಬೆಳೆದು, ಅಲ್ಲಿಂದ ಕೋಟಿಗೆ ಬರುತ್ತಿತ್ತು. ಗೂಡು ತೆಗೆದೆವು, ಕಂಬಳಿ ಸುಟ್ಟೆವು, ಕೋಟನ್ನು ಫ್ರೀಜರ್‌ಗೆ ಹಾಕಿದೆವು. ಆಮೇಲೆ ಬಿಳಿ ಹಾಳೆಯ ಮೇಲೆ ಒಂದು ಕಾಳೂ ಬಿದ್ದಿಲ್ಲ.

ಹಸಿರು ಕಿಲುಬು, ಕಂದು ತುಕ್ಕು

ಹಿತ್ತಾಳೆ ಗುಂಡಿಯ ಹಿಂದೆ ಮೇಣದಂಥ ಹಸಿರು ಅಂಟು ಕಂಡರೆ ಕಿಲುಬು. ಚರ್ಮದ ಎಣ್ಣೆ, ಬೆವರು, ತೇವ ಮೂರೂ ಸೇರಿ ತಾಮ್ರವನ್ನು ತಿನ್ನುತ್ತವೆ. ಬಟ್ಟೆಯ ಮೇಲಿದ್ದ ಹಾಗೇ ಬ್ರಾಸೋ ಹಚ್ಚಬೇಡಿ. ಸೈನಿಕರೇ ಗುಂಡಿ ಹೊಳಪು ಮಾಡುವಾಗ ಕೆಳಗೆ ಸೀಳಿದ ತಗಡು, ಅಂದರೆ ಬಟನ್ ಸ್ಟಿಕ್, ಇಟ್ಟುಕೊಳ್ಳುತ್ತಿದ್ದರು. ಮರದ ಹಲ್ಲುಕಡ್ಡಿಯಲ್ಲಿ ಕಿಲುಬನ್ನು ಮೆಲ್ಲಗೆ ಎಬ್ಬಿಸಿ, ಒಣ ಹತ್ತಿಯಲ್ಲಿ ತೆಗೆಯಿರಿ. ಎಷ್ಟೋ ಗುಂಡಿಗಳು ಹಿಂದಿನಿಂದ ಒಂದು ಸಣ್ಣ ರಿಂಗ್‌ನಲ್ಲಿ ನಿಂತಿರುತ್ತವೆ, ಬಿಚ್ಚಬಹುದು. ಗುಂಡಿಗೂ ಬಟ್ಟೆಗೂ ನಡುವೆ ಓಎಚ್‌ಪಿ ಹಾಳೆಯ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಒಂದು ತುಂಡು ಇಟ್ಟರೆ ಕಲೆ ಮುಂದೆ ಹೋಗುವುದಿಲ್ಲ. ಹೊಳೆಯಲೇಬೇಕು ಅನ್ನುವ ಆಸೆ ಬಿಡಿ. ಪ್ರತಿ ಸಲ ಉಜ್ಜಿದಾಗ ರೆಜಿಮೆಂಟಿನ ಲಾಂಛನ ಒಂದಿಷ್ಟು ಸವೆಯುತ್ತದೆ. ಜರಿ ಕೆಲಸದ ಬ್ಯಾಡ್ಜ್ ಕಪ್ಪಾಗಿದ್ದರೆ ಅದನ್ನಂತೂ ಮುಟ್ಟಲೇಬೇಡಿ.

ಬೆಲ್ಟು, ಬೂಟು, ಚರ್ಮದ ಪಟ್ಟಿ ಬಟ್ಟೆಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬೇಡ. ತುಕ್ಕಿನ ಕಲೆಗೆ ನಿಂಬೆಹುಳಿ ಹಚ್ಚುವ ಮನೆಮದ್ದೂ ಬೇಡ, ಹುಳಿ ಹತ್ತಿಯನ್ನೇ ತಿನ್ನುತ್ತದೆ. ಪಿನ್ನು ತೆಗೆಯಿರಿ, ಅಷ್ಟು ಸಾಕು.

ಮಡಿಕೆಯಲ್ಲಿ ಬಿರುಕು, ರಬ್ಬರ್ ಅಂಟು

ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟರೆ ಹತ್ತಿ ಆ ಗೆರೆಯಲ್ಲೇ ಸೀಳುತ್ತದೆ. ಮಡಿಕೆಯ ಒಳಗೆ ಕೋರಾ ಬಟ್ಟೆಯ ಸುರುಳಿ ಇಡಿ, ವರ್ಷಕ್ಕೊಮ್ಮೆ ಮಡಿಕೆಯ ಜಾಗ ಬದಲಿಸಿ. ಕೋರಾ ಬಟ್ಟೆಯನ್ನು ಮೊದಲು ಬಿಸಿನೀರಲ್ಲಿ ಎರಡು ಸಲ ತೊಳೆದು ಗಂಜಿ ತೆಗೆಯುವುದು ಮರೆಯಬೇಡಿ. ಗ್ರೇಟ್‌ಕೋಟನ್ನು ನೇತುಹಾಕಬೇಡಿ, ಅದರ ಭಾರಕ್ಕೇ ಭುಜ ಹರಿಯುತ್ತದೆ. ಮಲಗಿಸಿ. ರಬ್ಬರ್ ಹಚ್ಚಿದ ಮಳೆಕೋಟು ಅಂಟಂಟಾಗಿದ್ದರೆ ಅದು ಗುಣವಾಗುವ ಕಾಯಿಲೆಯಲ್ಲ. ಬಟರ್ ಪೇಪರ್ ನಡುವೆ ಇಟ್ಟು ಬೇರೆ ಮಾಡಿ.

ದೋಷ ಪೆಟ್ಟಿಗೆಯಲ್ಲೇ ಇದ್ದರೆ

ಹೆಚ್ಚಿನ ಸಲ ಇಲ್ಲೇ ಇರುತ್ತದೆ. ಕಾಫಿಯ ತೇವ ಅಳೆದು ನೋಡದೆ ಒಂದು ಮೂಟೆಯನ್ನೂ ಕಟ್ಟದ ನಾವು, ಅಜ್ಜನ ಕೋಟಿಟ್ಟ ಟ್ರಂಕಿನೊಳಗೆ ತೇವ ಎಷ್ಟಿದೆ ಅಂತ ಒಮ್ಮೆಯೂ ನೋಡುವುದಿಲ್ಲ. ಕೆಲವು ನೂರು ರೂಪಾಯಿಗೆ ಡಿಜಿಟಲ್ ತೇವಾಂಶ ಮೀಟರ್ ಸಿಗುತ್ತದೆ. ಟ್ರಂಕಿನೊಳಗೆ ಎರಡು ದಿನ ಇಡಿ. ಶೇಕಡಾ 65ಕ್ಕಿಂತ ಮೇಲೆ ನಿಂತರೆ ಬೂಷ್ಟು ಬರುವುದು ಖಂಡಿತ ಅಂತಲೇ ತಿಳಿಯಿರಿ. 45ರಿಂದ 55ರ ನಡುವೆ ಇದ್ದರೆ ನೆಮ್ಮದಿ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ನಮ್ಮ ಮನೆಯ ಹಿಂದಿನ ಕೋಣೆ 92 ತೋರಿಸಿತ್ತು.

ಬೂಷ್ಟು ಬಟ್ಟೆಯ ಒಂದೇ ಪಕ್ಕಕ್ಕೆ ಬಂದಿದ್ದರೆ ಆ ಪಕ್ಕ ಯಾವ ಗೋಡೆಗೆ ಇತ್ತು ನೋಡಿ. ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ತಾಗಿಸಿಟ್ಟ ಕಬ್ಬಿಣದ ಟ್ರಂಕ್ ಒಳಗಿನಿಂದ ಬೆವರುತ್ತದೆ. ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಒಂದು ಗೇಣು ಮೇಲಕ್ಕೆ, ಎರಡು ಮರದ ತುಂಡಿನ ಮೇಲೆ ಇಡಿ. ಗೆದ್ದಲು ಹತ್ತುವುದೂ ಕಣ್ಣಿಗೆ ಬೀಳುತ್ತದೆ. ಕಾಫಿ ಮೂಟೆ ಇಡುವ ಕೋಣೆ ಬೇಡ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆ ಮಸಿ ಬಟ್ಟೆಗೆ ಹುಳಿಯ ಹಾಗೆ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಸುತ್ತಿಡುವುದೂ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ.

ಕಪಾಟಿನಲ್ಲಿ ಬಲ್ಬ್ ಉರಿಸುವ ಪದ್ಧತಿ ನಮ್ಮ ಕಡೆ ಇದೆ, ಅದು ಕೆಲಸ ಮಾಡುತ್ತದೆ. ಸ್ವಲ್ಪ ಬಿಸಿಯಾದರೂ ಗಾಳಿಯ ತೇವಾಂಶ ಇಳಿಯುತ್ತದೆ. ಆದರೆ ಎಲ್‌ಇಡಿ ಬಲ್ಬಿನಿಂದ ಅಷ್ಟು ಬಿಸಿ ಬರುವುದಿಲ್ಲ, ಹಳೇ ಬಲ್ಬಿಗೆ ಬಟ್ಟೆ ತಾಗಿದರೆ ಬೆಂಕಿ. ನಾನು ಅದನ್ನು ಬಿಟ್ಟು, ಬಟ್ಟೆಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು ಇಡುತ್ತೇನೆ. ಬಣ್ಣ ಬದಲಾದರೆ ಅದು ನೀರು ಕುಡಿದು ತುಂಬಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ನುಸಿಗುಳಿಗೆಯನ್ನು ನಾನು ನಿಲ್ಲಿಸಿದ್ದೇನೆ. ಅದು ಪ್ಲಾಸ್ಟಿಕ್ ಗುಂಡಿಯನ್ನು ಮೆತ್ತಗೆ ಮಾಡುತ್ತದೆ, ಚಿಕ್ಕ ಮಕ್ಕಳಿರುವ ಮನೆಗೆ ಒಳ್ಳೆಯದೂ ಅಲ್ಲ.

ನೆರೆ ನೀರು ನುಗ್ಗಿದ್ದರೆ

ಕೊಡಗಿನಲ್ಲಿ 2018ರ ಆಗಸ್ಟ್‌ನ ನೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಳೆಯಬೇಡಿ ಅಂತ ಮೊದಲೇ ಹೇಳಿದೆ, ಕೆಸರು ನೀರಿನಲ್ಲಿ ನೆಂದ ಬಟ್ಟೆ ಮಾತ್ರ ಬೇರೆ. ಕೆಸರು ಒಣಗಿ ಗಟ್ಟಿಯಾಗುವ ಮುಂಚೆ, ಬಲೆಯ ಮೇಲೆ ಮಲಗಿಸಿ, ಶುದ್ಧ ತಣ್ಣೀರನ್ನು ಮೆಲ್ಲಗೆ ಹರಿಸಿ. ಹಿಂಡಬೇಡಿ, ಎತ್ತಿ ಹಿಡಿಯಬೇಡಿ, ನೆಂದ ಉಣ್ಣೆ ತನ್ನ ಭಾರಕ್ಕೇ ಜಗ್ಗುತ್ತದೆ. ರಿಬ್ಬನ್ ಇದ್ದರೆ ಅದರ ಕೆಳಗೂ ಮೇಲೂ ಬಿಳಿ ಒಣ ಬಟ್ಟೆ ಒತ್ತಿ, ಬಣ್ಣ ಬಿಟ್ಟರೂ ಅಂಗಿಗೆ ಹೋಗದಂತೆ ನೋಡಿಕೊಳ್ಳಿ. 48 ಗಂಟೆಯೊಳಗೆ ಒಣಗಬೇಕು, ಇಲ್ಲದಿದ್ದರೆ ಬೂಷ್ಟು ಶುರು. ಅಷ್ಟರಲ್ಲಿ ಆಗುವುದಿಲ್ಲ ಅನ್ನಿಸಿದರೆ ಚೀಲದಲ್ಲಿ ಹಾಕಿ ಫ್ರೀಜರ್‌ಗೆ ಹಾಕಿಬಿಡಿ, ಸಮಯ ಸಿಕ್ಕಾಗ ಒಂದೊಂದೇ ತೆಗೆದು ನೋಡಿಕೊಳ್ಳಬಹುದು.

ಕೈಮೀರಿದೆ ಅನ್ನಿಸಿದರೆ ಮೈಸೂರಿನಲ್ಲಿ ಹಳೇ ವಸ್ತು ಉಳಿಸುವ ಕೇಂದ್ರ ಸರಕಾರದ ಸಂಸ್ಥೆ ಎನ್‌ಆರ್‌ಎಲ್‌ಸಿಯ ಪ್ರಾದೇಶಿಕ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಕೇಂದ್ರವಿದೆ. ಬಟ್ಟೆ ಹೊತ್ತುಕೊಂಡು ಹೋಗುವ ಮುಂಚೆ ಫೋಟೋ ಕಳಿಸಿ ಕೇಳಿ.

ಹೊಸದಾಗಿ ಒಂದು ತಂದರೆ

ಗುಜರಿಯಿಂದ, ಮನೆ ಖಾಲಿ ಮಾಡುವವರಿಂದ, ನೆಂಟರಿಂದ ಏನೇ ಬರಲಿ, ಒಂದು ತಿಂಗಳು ಬೇರೆ ಕೋಣೆಯಲ್ಲಿ ಚೀಲ ಕಟ್ಟಿ ಇಡಿ, ಬಿಳಿ ಹಾಳೆಯ ಪರೀಕ್ಷೆ ಮಾಡಿ, ಆಮೇಲೆ ಉಳಿದವುಗಳ ಜೊತೆ ಸೇರಿಸಿ. ಬ್ಯಾಡ್ಜ್ ಬಿಚ್ಚಿ ಬೇರೆ ಮಾರುವವರಿಂದ ನಾನು ಕೊಳ್ಳುವುದಿಲ್ಲ. ಅಂಗಿಯಿಂದ ಬಿಡಿಸಿದ ಬ್ಯಾಡ್ಜಿಗೂ ಅರ್ಥವಿಲ್ಲ, ಬ್ಯಾಡ್ಜ್ ಕಳೆದುಕೊಂಡ ಅಂಗಿಗೂ ಇಲ್ಲ. ಮಕ್ಕಳು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದು ಬೇಡ, ಬೆವರೇ ಸಾಕು ಹಾಳು ಮಾಡಲು. ಸೈನಿಕರಲ್ಲದವರು ಸೈನಿಕರು ಅಂತ ನಂಬಿಸಲು ಸಮವಸ್ತ್ರ ಹಾಕುವುದು ಕಾನೂನಿನಲ್ಲಿ ಅಪರಾಧವೂ ಹೌದು.

ವರ್ಷಕ್ಕೊಮ್ಮೆ ಎಲ್ಲ ಪೆಟ್ಟಿಗೆ ತೆರೆಯಲು ನಾನು ಇಟ್ಟುಕೊಂಡಿರುವ ದಿನ ಜನವರಿ 15. 1949ರಲ್ಲಿ ನಮ್ಮ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ದಿನ, ಸೇನಾ ದಿನ. ಮರೆಯುವ ಹಾಗಿಲ್ಲ, ಗಾಳಿಯೂ ಆಗ ಒಣಗಿರುತ್ತದೆ. ಆವತ್ತು ಹಳೇ ಫೋಟೋ ಪಕ್ಕದಲ್ಲಿಟ್ಟು ಒಂದೊಂದು ತೂತನ್ನೂ ಹೋಲಿಸಿ ನೋಡುತ್ತೇನೆ. ತೊಳೆದ ಹತ್ತಿ ಟೇಪಿನ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು ಒಳಹೊಲಿಗೆಗೆ ಎರಡು ಸಡಿಲ ಹೊಲಿಗೆ ಹಾಕಿದ್ದೇನೆ. ಅದೇ ನಂಬರಿನ ಪುಟದಲ್ಲಿ ಹಾಕಿಕೊಂಡವರ ಹೆಸರು, ರೆಜಿಮೆಂಟು, ಎಲ್ಲಿ ಇದ್ದರು, ಯಾರು ಹೇಳಿದ್ದು, ಯಾವ ತಾರೀಖಿಗೆ ಹೇಳಿದ್ದು, ಎಲ್ಲ ಇದೆ. ಹಿರಿಯರು ಬದುಕಿರುವಾಗಲೇ ಇದನ್ನು ಬರೆದುಕೊಳ್ಳಿ. ಅಜ್ಜನ ಗ್ರೇಟ್‌ಕೋಟಿನ ಎಡ ಜೇಬಿನಲ್ಲಿ ಒಂದು ಒಣ ಎಲೆ ಸಿಕ್ಕಿತ್ತು. ಯಾವ ಮರದ್ದು ಅಂತ ಕೇಳಲು ಅಜ್ಜ ಇರಲಿಲ್ಲ. ಅದನ್ನು ಅದೇ ನಂಬರಿನ ಕವರಿನಲ್ಲಿ, ಕೋಟಿನ ಪಕ್ಕದಲ್ಲೇ ಇಟ್ಟಿದ್ದೇನೆ.